ಲೊಲೈಬಾ

ಟೇಬಲ್ ಫ್ಯಾನಿನ ಸ್ಕ್ರೂ ಸಡಿಲ ಆಗಿತ್ತು. ತೈವಾನಿನ ತೈನಾನ್‌ನಲ್ಲಿ ನಮ್ಮ ಬೀದಿ ಕೊನೇಲಿರೋ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಮಾತು ಬಾರದೆ ಕೈ ತಿರುಗಿಸಿ ತೋರಿಸಿದೆ.

"ಓ, ಲೊಲೈಬಾ!" ಅಂದ್ರು ಅಜ್ಜ.

ಎರಡು ಸಲ ಹೇಳಿಸಿಕೊಂಡ ಮೇಲೆ ಹೊಳೀತು. ಡ್ರೈವರ್! ಅಂದ್ರೆ ಸ್ಕ್ರೂಡ್ರೈವರ್. ಇಂಗ್ಲಿಷಿನಿಂದ ಜಪಾನಿಗೆ ಹೋಗಿ 'ದೊರೈಬಾ' ಆಗಿ, ಅಲ್ಲಿಂದ ಹಡಗು ಹತ್ತಿ ಬಂದು ತೈವಾನಿಗರ ಬಾಯಲ್ಲಿ ಲೊಲೈಬಾ. ಬೈಕಿಗೂ ಅದೇ ದಾರಿಯಲ್ಲಿ ಬಂದ 'ಓತೊಬೈ'.

1895ರಿಂದ 1945, ತೈವಾನಿನಲ್ಲಿ ಜಪಾನಿನ ಆಳ್ವಿಕೆ. ಐವತ್ತು ವರ್ಷ.

ಅಕ್ಕಿ, ಸಕ್ಕರೆ ಆ ಕಡೆ ಹೋದವು. ರೈಲು, ಶಾಲೆ, ಪೊಲೀಸು ಈ ಕಡೆ ಬಂದ್ರು. 1937ರಲ್ಲಿ ಪತ್ರಿಕೆಗಳ ಚೀನೀ ಪುಟಗಳು ನಿಂತವು. 1940ರಿಂದ ಹೆಸರನ್ನೂ ಜಪಾನಿಗೆ ಬದಲಾಯಿಸಿಕೊಳ್ಳಿ ಅಂತ ಒತ್ತಾಯ. ಮನೆಯೊಳಗೂ ಜಪಾನಿ ಆಡೋ ಕುಟುಂಬಕ್ಕೆ ಬಾಗಿಲಿಗೊಂದು ಫಲಕ ಬೇರೆ! (ಅಡುಗೆಮನೇಲಿ ಅಜ್ಜಿಯರು ಯಾವ ಭಾಷೇಲಿ ಬೈತಿದ್ರೋ, ಅದನ್ನ ಯಾರು ಬಂದು ನೋಡ್ತಾರೆ.)

ಅಷ್ಟೆಲ್ಲ ಜೋರು ಮಾಡಿದವರು ಹೋದ್ರು. ಹೆಸರುಗಳು ಮತ್ತೆ ಬದಲಾದವು. ಸ್ಕ್ರೂಡ್ರೈವರ್ ಮಾತ್ರ ಉಳ್ಕೊಂಡಿದೆ, ಯಾರೂ ಒತ್ತಾಯ ಮಾಡದೆ.

ಅಜ್ಜ ಹಳದಿ ಹಿಡಿಯದೊಂದನ್ನ ಆರಿಸಿ, ತುದಿಗೆ ಹತ್ತಿದ್ದ ಎಣ್ಣೆ ಅಂಗಿಗೇ ಒರೆಸಿ ಕೊಟ್ರು.

ಫ್ಯಾನ್ ಇನ್ನೂ ಕಿರ್ ಅಂತಾನೇ ಇದೆ.