ಸಹಿ ಹಾಕಲ್ಲ ಅಂದ ಅಕ್ಕ

2023ರಲ್ಲಿ ನಾನು ಪೀಣ್ಯ ಎರಡನೇ ಹಂತದ ಒಂದು ಗಾರ್ಮೆಂಟ್ಸ್‌ನಲ್ಲಿ ವೆಲ್ಫೇರ್ ಆಫೀಸರ್ ಆಗಿದ್ದೆ. ಹೆಚ್ಚುಕಮ್ಮಿ 600 ಜನ, ಮುಕ್ಕಾಲುಪಾಲು ಹೆಂಗಸ್ರೇ. ನನ್ನ ಟೇಬಲ್ ಮೇಲೆ ಕೆಂಪು ಬೈಂಡಿನ ಒಂದು ಉದ್ದ ರಿಜಿಸ್ಟರ್ ಇರ್ತಿತ್ತು, ವರ್ಕ್ಸ್ ಕಮಿಟಿದು, ಅಂದ್ರೆ ಕೆಲಸಗಾರರೂ ಮ್ಯಾನೇಜ್‌ಮೆಂಟೂ ಒಟ್ಟಿಗೆ ಕೂತು ಮಾತಾಡೋ ಕಮಿಟಿದು. ಆಗಿದ್ದ ಕಾನೂನು 1947ರ ಕೈಗಾರಿಕಾ ವಿವಾದ ಕಾಯ್ದೆ, 100 ಜನ ಇಲ್ಲಾ ಅದಕ್ಕಿಂತ ಜಾಸ್ತಿ ಕೆಲಸಗಾರರು ಇರೋ ಕಡೆ ಇಂಥ ಕಮಿಟಿ ಮಾಡಿ ಅಂತ ಸರ್ಕಾರ ಹೇಳ್ಬೋದು, ಕೆಲಸಗಾರರ ಕಡೆಯವರ ಸಂಖ್ಯೆ ಮ್ಯಾನೇಜ್‌ಮೆಂಟ್ ಕಡೆಯವರಿಗಿಂತ ಕಮ್ಮಿ ಇರ್ಬಾರ್ದು. ನಮ್ಮಲ್ಲಿ ಐದು ಐದು. ಹೆಸರು, ಫೋಟೋ ಎಲ್ಲಾ ನೋಟಿಸ್ ಬೋರ್ಡಲ್ಲಿ ಇತ್ತು.

ಮೀಟಿಂಗ್ ಮಾತ್ರ ನಡೀತಿರ್ಲಿಲ್ಲ. ಮೂರು ತಿಂಗಳಿಗೊಂದ್ಸಲ ನಾನೇ ಮಿನಿಟ್ಸ್, ಅಂದ್ರೆ ಮೀಟಿಂಗಲ್ಲಿ ಏನಾಯ್ತು ಅನ್ನೋ ಬರಹ, ಇಂಗ್ಲಿಷಲ್ಲಿ ಟೈಪ್ ಮಾಡಿ ಪುಟಕ್ಕೆ ಅಂಟಿಸ್ತಿದ್ದೆ, ಆಮೇಲೆ ರಿಜಿಸ್ಟರ್ ಹಿಡ್ಕೊಂಡು ಲೈನ್ ಮೇಲೆ ಹೋಗ್ತಿದ್ದೆ, ಮಷಿನ್ ಪಕ್ಕ ನಿಂತು "ಅಕ್ಕ, ಇಲ್ಲೊಂದು ಸೈನ್" ಅಂದ್ರೆ ಅವ್ರು ಪೆಡಲ್ ಮೇಲಿಂದ ಕಾಲು ತೆಗೀದೇನೇ ಸಹಿ ಹಾಕೋರು, ಐದು ಸಹಿಗೆ ಹತ್ತು ನಿಮಿಷನೂ ಹಿಡೀತಿರ್ಲಿಲ್ಲ. ಎಲ್ಲಾ ಕಡೆ ಹಿಂಗೇ ಅಂತ ನಂಗೆ ಹೇಳ್ಕೊಟ್ಟಿದ್ರು, ನಾನು ಒಪ್ಕೊಂಡಿದ್ದೆ. ಅದು ತಪ್ಪು, ನಾಲ್ಕು ವರ್ಷ ಮಾಡಿದ ತಪ್ಪು.

ಆ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು, ಹೆಂಗಸ್ರಿಗೆ ಸಾಮಾನ್ಯ ಬಸ್ಸಲ್ಲಿ ಫ್ರೀ. ನಮ್ಮ ಫ್ಲೋರಲ್ಲಿ ಅವತ್ತು ಇದ್ದ ಖುಷಿ ನಾನು ಯಾವ ಬೋನಸ್ ದಿನಾನೂ ನೋಡಿಲ್ಲ. ಎರಡು ತಿಂಗಳು ಕಳೀತು, ಮೇಲಿಂದ ಒಂದು ತೀರ್ಮಾನ ಬಂತು: ನೆಲಮಂಗಲ ಕಡೆಯಿಂದ ಬರೋ ಕಂಪನಿ ಗಾಡಿ ನಿಲ್ಸೋದು. ಬಸ್ಸೇ ಫ್ರೀ ಇರೋವಾಗ ಗಾಡಿ ಯಾಕೆ, ಅವ್ರಿಗೂ ತಿಂಗಳಿಗೆ ಸಂಬಳದಲ್ಲಿ ಹಿಡಿಯೋ 600 ರೂಪಾಯಿ ಉಳಿಯುತ್ತೆ ಅಂತ. ಪೇಪರ್ ಮೇಲೆ ನೋಡಿದ್ರೆ ಸರಿಯಾಗೇ ಇತ್ತು, ನಂಗೂ ಸರಿ ಅನ್ನಿಸ್ತು. "ವರ್ಕ್ಸ್ ಕಮಿಟಿ ಒಪ್ಪಿದೆ ಅಂತ ಮಿನಿಟ್ಸ್ ಮಾಡಿಬಿಡಿ, ಮುಂದಿನ ತಿಂಗಳು ಬಯರ್ ಆಡಿಟ್ ಇದೆ" ಅಂದ್ರು ಜಿಎಂ, ಅಂದ್ರೆ ಜನರಲ್ ಮ್ಯಾನೇಜರ್. ಬಯರ್ ಆಡಿಟ್ ಅಂದ್ರೆ ನಮ್ಮ ಬಟ್ಟೆ ಕೊಳ್ಳೋ ಕಂಪನಿಯವ್ರ ತಪಾಸಣೆ.

ಮಾಡ್ದೆ. ರಿಜಿಸ್ಟರ್ ತಗೊಂಡು ಮೊದಲು ನಾಲ್ಕನೇ ಲೈನಿಗೆ ಹೋದೆ. ಅಲ್ಲಿ ಕಾಲರ್ ಅಟ್ಯಾಚ್ ಮಾಡೋ ಅಕ್ಕ, ನಲವತ್ತು ದಾಟಿದೋರು, ಇಪ್ಪತ್ತು ವರ್ಷದಿಂದ ಟೈಲರ್. ಕಾಲರ್ ಅಂದ್ರೆ ಶರ್ಟಲ್ಲಿ ಅತಿ ಸೂಕ್ಷ್ಮದ ಕೆಲಸ, ಒಂದು ಹೊಲಿಗೆ ಆ ಕಡೆ ಈ ಕಡೆ ಆದ್ರೂ ಪೀಸು ಆಲ್ಟ್ರೇಷನ್‌ಗೆ ವಾಪಸ್ ಬರುತ್ತೆ, ಅವ್ರ ಪೀಸು ವಾಪಸ್ ಬಂದಿದ್ದು ನಾನು ಕಂಡಿಲ್ಲ. ಪೆನ್ನು ಕೊಟ್ಟೆ. ಅವ್ರು ಮಷಿನ್ ನಿಲ್ಸಿದ್ರು, ಎಂದೂ ನಿಲ್ಸದವ್ರು.

"ಇದ್ರಲ್ಲಿ ಏನ್ ಬರ್ದೈತೆ ಓದಿ ಹೇಳಿ ಮೇಡಂ."

ಗಾಡಿ ವಿಷ್ಯ ಅಕ್ಕ ಅಂದೆ. "ಮೀಟಿಂಗ್ ಯಾವಾಗ ಆಯ್ತು? ನಾನಿಲ್ಲೇ ಕೂತಿದ್ನಲ್ಲ." ನಂಗೆ ಮಾತು ಬರ್ಲಿಲ್ಲ. ಅಷ್ಟರಲ್ಲಿ ಅವ್ರ ಮುಂದೆ ಬಂಡಲ್ ಪೇರಿತು, ಸೂಪರ್‌ವೈಸರ್ ದೂರದಿಂದ್ಲೇ ಕೂಗ್ದ, ಅವ್ರು ಪೆನ್ನು ವಾಪಸ್ ನನ್ನ ಕೈಗಿಟ್ಟು "ಸಹಿ ಹಾಕಲ್ಲ ಮೇಡಂ, ಬೇಜಾರ್ ಮಾಡ್ಕೋಬೇಡಿ" ಅಂತ ಮತ್ತೆ ಹೊಲಿಯೋಕೆ ಶುರು ಮಾಡಿದ್ರು.

ಜಿಎಂ ಹತ್ರ ಹೋಗಿ ಸಹಿ ಸಿಗ್ಲಿಲ್ಲ, ನಿಜವಾಗ್ಲೂ ಒಂದು ಮೀಟಿಂಗ್ ಕರೀಬೇಕು ಅಂದೆ. ಕೋಪ ಬಂತು ಅವ್ರಿಗೆ. ಬೇರೆಯವ್ರ ಸಹಿ ತಗೊಳ್ಳಿ ಅಂದ್ರು. ನಾನು ಆಗ 2016 ನೆನಪಿಸಿದೆ. ಆ ವರ್ಷ ಪಿಎಫ್‌ನಲ್ಲಿ ಮಾಲೀಕರ ಪಾಲು 58 ವರ್ಷ ಆಗೋವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರದ ರೂಲ್ ಬಂದಿದ್ದಕ್ಕೆ ಏಪ್ರಿಲಲ್ಲಿ ಹೊಸೂರು ರಸ್ತೆಯಿಂದ ಹಿಡ್ದು ನಮ್ಮ ಜಾಲಹಳ್ಳಿ ಕ್ರಾಸ್ ತನಕ ಗಾರ್ಮೆಂಟ್ಸ್ ಹೆಂಗಸ್ರು ರಸ್ತೆಗೆ ಬಂದಿದ್ರಲ್ಲ, ಎರಡು ದಿನ ಬೆಂಗಳೂರು ನಿಂತುಹೋಯ್ತು, 19ನೇ ತಾರೀಖು ಸರ್ಕಾರ ರೂಲ್ ವಾಪಸ್ ತಗೊಂಡಿತು. ಮಗಳ ಮದುವೆಗೋ ಸಾಲ ತೀರ್ಸೋಕೋ ಕೆಲಸ ಬಿಟ್ಟು ಪಿಎಫ್ ತೆಗೆಯೋದು ಅವ್ರ ಬದುಕಲ್ಲಿ ಎಂಥ ಲೆಕ್ಕ ಅನ್ನೋದು ರೂಲ್ ಬರ್ದವ್ರಿಗೆ ಗೊತ್ತಿರ್ಲಿಲ್ಲ, ಗೊತ್ತಿದ್ದವ್ರನ್ನ ಯಾರೂ ಕೇಳಿರ್ಲಿಲ್ಲ. ಜಿಎಂ ಸ್ವಲ್ಪ ಹೊತ್ತು ಸುಮ್ನಿದ್ದು "ಶನಿವಾರ 4 ಗಂಟೆಗೆ ಇಟ್ಕೊಳ್ಳಿ" ಅಂದ್ರು.

ಶನಿವಾರ ಬಂತು. ಟ್ರೈನಿಂಗ್ ರೂಮಲ್ಲಿ ಐದು ಜನ ಅಕ್ಕಂದಿರು ಒಂದು ಕಡೆ, ಜಿಎಂ, ಪ್ರೊಡಕ್ಷನ್ ಮ್ಯಾನೇಜರ್, ಅಕೌಂಟ್ಸ್‌ನವ್ರು, ಇನ್ನೊಬ್ರು, ನಾನು ಒಂದು ಕಡೆ. ಟೀ ಬಂತು, ಯಾರೂ ಮುಟ್ಲಿಲ್ಲ. ಮಾತಾಡಿ ಅಂದ್ರೂ ಮಾತಿಲ್ಲ, ಒಬ್ರು ಮತ್ತೆ ಮತ್ತೆ ಗಡಿಯಾರ ನೋಡ್ತಿದ್ರು. ಯಾಕೆ ಅಂತ ಕೇಳಿದ್ರೆ "ಇಲ್ಲಿ ಕೂತಿದ್ದಷ್ಟು ಹೊತ್ತಿನ ಪೀಸು ಯಾರ್ ಕೊಡ್ತಾರೆ ಸಾರ್?" ಅಂದ್ರು. ಒಂದು ಗಂಟೆ ಇಲ್ಲಿ ಕೂತ್ರೆ ಆ ಗಂಟೆದು ಟಾರ್ಗೆಟ್ ಹಂಗೇ ಇರುತ್ತೆ, ಆಮೇಲೆ ಬೈಸ್ಕೊಳ್ಳೋದು ಅವ್ರೇ. ಇದು ನಮ್ಮ ಕಡೆ ಕೂತಿದ್ದ ಒಬ್ಬರ ತಲೆಗೂ ಹೋಗಿರ್ಲಿಲ್ಲ! ಅವತ್ತಿನ ಮೊದಲ ತೀರ್ಮಾನ ಅದೇ ಆಯ್ತು, ಮೀಟಿಂಗ್ ಹೊತ್ತು ಟಾರ್ಗೆಟ್‌ನಿಂದ ಕಳೀಬೇಕು. ಪ್ರೊಡಕ್ಷನ್ ಮ್ಯಾನೇಜರ್ ಅಲ್ಲಿಂದ್ಲೇ ಫ್ಲೋರಿಗೆ ಫೋನ್ ಮಾಡಿ ಹೇಳಿದ್ಮೇಲೆ ಅಕ್ಕಂದಿರು ಬಾಯಿ ಬಿಟ್ರು.

ಕಾಲರ್ ಅಕ್ಕ ಟಿಫನ್ ಬ್ಯಾಗಿಂದ ಒಂದು ರಟ್ಟು ತೆಗೆದ್ರು. ಶರ್ಟ್ ಮಡಚೋವಾಗ ಒಳಗೆ ಇಡ್ತಾರಲ್ಲ ಆ ಬಿಳಿ ರಟ್ಟು, ಮೂಲೆ ಹರಿದು ವೇಸ್ಟಿಗೆ ಹಾಕಿದ್ದು. ಅದ್ರ ತುಂಬ ಬಾಲ್ ಪೆನ್ನಲ್ಲಿ ಬರ್ದಿದ್ರು: ಗಾಡಿಲಿ ಬರೋ 38 ಜನದ ಹೆಸರು, ಯಾರ್ ಎಲ್ಲಿ ಹತ್ತುತಾರೆ, ಅಲ್ಲಿಗೆ ಬೆಳಿಗ್ಗೆ ಮೊದಲ ಬಸ್ ಎಷ್ಟೊತ್ತಿಗೆ, ಸಾಯಂಕಾಲ ಊರಿಗೆ ಕೊನೇ ಬಸ್ ಎಷ್ಟೊತ್ತಿಗೆ. ಚಾಕ್ ಗುರುತಿನ ಧೂಳು ಇನ್ನೂ ಅಂಟ್ಕೊಂಡಿತ್ತು. ಒಂದು ವಾರ ಊಟದ ಹೊತ್ತಲ್ಲಿ ಎಲ್ರನ್ನೂ ಕೇಳಿ ಬರ್ದಿದ್ದಂತೆ.

ಗಾಡಿ ಬೇಕೇ ಬೇಕು ಅಂತ ಹಠ ಹಿಡೀತಾರೆ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಅವ್ರು ಹೇಳಿದ್ದೇ ಬೇರೆ. ಬೆಳಿಗ್ಗೆ ಗಾಡಿ ಬೇಡ, ಬಸ್ಸಲ್ಲೇ ಬರ್ತೀವಿ, 600 ರೂಪಾಯಿ ಮನೆಗಾಗುತ್ತೆ. ಆದ್ರೆ ಫ್ಲೈಓವರ್ ಮೇಲೆ ಬಸ್ ಬಿಡಲ್ಲ (ಆಗ ಪೀಣ್ಯ ಫ್ಲೈಓವರಲ್ಲಿ ದೊಡ್ಡ ಗಾಡಿಗಳಿಗೆ ಬಂದ್ ಇತ್ತು), 8ನೇ ಮೈಲಿ, ದಾಸರಹಳ್ಳಿ ಎಲ್ಲಾ ಕೆಳಗಡೆ ಟ್ರಾಫಿಕ್ಕಲ್ಲಿ ನಿಂತು ನಿಂತು ಬರ್ಬೇಕು, 9 ಗಂಟೆ 5 ನಿಮಿಷಕ್ಕೆ ಗೇಟ್ ಹಾಕಿ ಅರ್ಧ ದಿನ ಸಂಬಳ ಹಿಡಿದ್ರೆ ಹೆಂಗೆ? ಅಲ್ಲಿ ಹದಿನೈದು ನಿಮಿಷ ಕೊಡಿ. ಸಾಯಂಕಾಲ ಮಾತ್ರ ಗಾಡಿ ಬೇಕು, ಊರಿಗಲ್ಲ, ಗೇಟಿಂದ ತುಮಕೂರು ರಸ್ತೆ ಬಸ್‌ಸ್ಟಾಪಿಗೆ. ಒಂದೂವರೆ ಕಿಲೋಮೀಟರ್. ಓಟಿ ಮುಗ್ಸಿ ಹೊರಡೋವಾಗ ಲೈಟಿಲ್ಲ, ಎರಡೂ ಕಡೆ ಲಾರಿ ನಿಂತಿರ್ತವೆ, ಹೊಸದಾಗಿ ಸೇರಿದ ಹುಡುಗೀರು ಒಬ್ಬೊಬ್ರೇ ಓಡ್ತಾರೆ. "ನೀವೆಲ್ಲ ಕಾರಲ್ಲಿ ಹೋಗ್ತೀರಲ್ಲ ಸಾರ್, ಆ ದಾರಿ ನಿಮಗೆ ಕಾಣಲ್ಲ" ಅಂದ್ರು, ಜೋರು ಮಾಡಿ ಅಲ್ಲ, ಇದ್ದಿದ್ದನ್ನ ಹೇಳೋ ಹಂಗೆ.

ಅಕೌಂಟ್ಸ್‌ನವ್ರು ಅಲ್ಲೇ ಲೆಕ್ಕ ಹಾಕಿದ್ರು, ಪೂರ್ತಿ ಗಾಡಿಗೆ ಆಗೋ ಖರ್ಚಿನ ಕಾಲುಭಾಗವೂ ಇಲ್ಲ. ಸಾಯಂಕಾಲದ ಗಾಡಿಗೆ ಜಿಎಂ ತಕ್ಷಣ ಒಪ್ಪಿದ್ರು. ಗೇಟ್ ವಿಷ್ಯಕ್ಕೆ ತುಂಬ ಎಳೆದಾಡಿ ಹತ್ತು ನಿಮಿಷ, ಅದೂ ಒಂದು ತಿಂಗಳು ಟ್ರಯಲ್. ಟಾಯ್ಲೆಟ್‌ಗೆ ಹೋಗೋಕೆ ಟೋಕನ್ ಕೇಳೋದು ನಿಲ್ಸಿ ಅಂತ ಇನ್ನೊಬ್ಬ ಅಕ್ಕ ಎತ್ತಿದ್ರು, ಅದಕ್ಕೆ ನೋಡೋಣ ಅಂದ್ರು, ನಾನು ಅಲ್ಲಿದ್ದಷ್ಟು ದಿನವೂ ಅದು ನೋಡೋಣದಲ್ಲೇ ಉಳೀತು, ಆ ಬೇಜಾರು ನಂಗೆ ಇವತ್ತಿಗೂ ಇದೆ. ಸಂಬಳದ ಮಾತು ಬರ್ಲೇ ಇಲ್ಲ. ಅಂಥದ್ದಕ್ಕೆ ಯೂನಿಯನ್ನೇ ಬೇಕು, ವರ್ಕ್ಸ್ ಕಮಿಟಿ ಯೂನಿಯನ್ ಜಾಗ ತುಂಬೋಕಾಗಲ್ಲ ಅಂತ ನಾನು ಅವತ್ತೂ ನಂಬಿದ್ದೆ, ಇವತ್ತೂ ನಂಬ್ತೀನಿ.

ಸಂವಿಧಾನದಲ್ಲಿ 43ಎ ಅಂತ ಒಂದು ವಿಧಿ ಇದೆ, 1976ರ 42ನೇ ತಿದ್ದುಪಡಿಲಿ ಸೇರಿದ್ದು, ಕಾರ್ಖಾನೆ ನಡೆಸೋದ್ರಲ್ಲಿ ಕೆಲಸಗಾರರಿಗೂ ಪಾಲು ಇರ್ಬೇಕು ಅನ್ನುತ್ತೆ. ಕಾಲೇಜಲ್ಲಿ ಪರೀಕ್ಷೆಗೆ ಬರ್ದು ಮಾರ್ಕ್ಸ್ ತಗೊಂಡಿದ್ದೆ. ಆ ರಟ್ಟು ನೋಡೋವರೆಗೂ ಅದು ನಂಗೆ ಅರ್ಥ ಆಗಿರ್ಲಿಲ್ಲ.

ಆ ಸಲ ಮಿನಿಟ್ಸ್ ಕನ್ನಡದಲ್ಲಿ ಕೈಯಾರೆ ಬರ್ದೆ. ಸೋಮವಾರ ಊಟದ ಹೊತ್ತಲ್ಲಿ ಕ್ಯಾಂಟೀನಿಗೆ ತಗೊಂಡು ಹೋದೆ. ಅಕ್ಕ ಕೈ ತೊಳ್ಕೊಂಡು ಬಂದು, ಸೆರಗಲ್ಲಿ ಒರೆಸ್ಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದ್ರು, ನಿಧಾನಕ್ಕೆ, ಪಕ್ಕದವ್ರಿಗೂ ಕೇಳೋ ಹಾಗೆ. ಒಂದು ಕಡೆ ಬೆರಳು ನಿಂತಿತು. ಸಾಯಂಕಾಲ ಗಾಡಿ ಬಿಡುವಂತೆ ಸದಸ್ಯರು ಬೇಡಿಕೊಂಡರು ಅಂತ ಬರ್ದಿದ್ದೆ.

"ಬೇಡ್ಕೊಂಡಿಲ್ಲ ಮೇಡಂ, ಹೇಳಿದ್ದು."

ಹೊಡೆದುಹಾಕಿ ಮೇಲೆ "ಹೇಳಿದರು" ಅಂತ ಬರ್ದು ಪಕ್ಕದಲ್ಲಿ ನನ್ನ ಸಹಿ ಹಾಕ್ದೆ. ಉಳಿದ ಎರಡು ಸಾಲೂ ಓದಿ ಮುಗ್ಸಿ, ಆಮೇಲೆ ಪೆನ್ನು ಕೇಳಿದ್ರು.