ಕೆಂಪು ನೆಲದ ದರ್ಶನ
ಫ್ರೆಂಚ್ ಚಿತ್ರಕಾರ ಪಾಲ್ ಗೊಗ್ಯಾನ್ 1888ರಲ್ಲಿ ಬರೆದ ‘ಪ್ರವಚನದ ನಂತರದ ದರ್ಶನ’ ಚಿತ್ರವನ್ನು ಇಂದು ಮತ್ತೆ ನೋಡುತ್ತ ಕುಳಿತುಬಿಟ್ಟೆ. ಫ್ರಾನ್ಸಿನ ಬ್ರಿಟನಿಯ ಹಳ್ಳಿ ಹೆಂಗಸರು, ತಲೆಗೆ ದೊಡ್ಡ ಬಿಳಿ ಕುಲಾವಿ. ಓರೆಯಾದ ಮರದ ಕಾಂಡದಾಚೆ ಬೈಬಲಿನ ಕಥೆಯ ಯಾಕೋಬನೂ ದೇವದೂತನೂ ಕುಸ್ತಿ ಹಿಡಿದಿದ್ದಾರೆ. ನೆಲವೆಲ್ಲ ಕಡುಕೆಂಪು! ಅಂಥ ಹೊಲ ಎಲ್ಲಿದೆ? ಪ್ರವಚನ ಕೇಳಿ ಹೊರಬಂದವರ ಎದೆಯೊಳಗೆ ಇದೆ ಎಂದೇ ನಾನು ಓದಿಕೊಳ್ಳುತ್ತೇನೆ. ಕಂಡದ್ದಕ್ಕಿಂತ ಒಳಗಿನ ಭಾವವನ್ನೇ ಚಿತ್ರಿಸಿದ ಅಭಿವ್ಯಕ್ತಿವಾದಿಗಳು ಮುಂದೆ ಬಣ್ಣಕ್ಕೆ ಕೊಟ್ಟ ಸ್ವಾತಂತ್ರ್ಯ ಆಗಲೇ ಇಲ್ಲಿ ಮೊಳೆತಿದೆ. ಕುಸ್ತಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಣ್ಣು ಮುಚ್ಚಿ ಪ್ರಾರ್ಥಿಸುವ ಮುಖಗಳು. ಎಷ್ಟು ಶಾಂತ! ಗೊಗ್ಯಾನ್ ಇದನ್ನು ಅಲ್ಲಿಯ ಚರ್ಚಿಗೆ ಕೊಡಲು ಹೋದಾಗ ಪಾದ್ರಿ ಒಪ್ಪಲಿಲ್ಲ. ಆ ಗೋಡೆಯ ಮೇಲೆ ತೂಗಿದ್ದರೆ ಆ ಹೆಂಗಸರು ತಮ್ಮನ್ನು ತಾವು ಗುರುತಿಸಿಕೊಳ್ಳುತ್ತಿದ್ದರೇ ಎಂದು ಸಂಜೆಯಿಂದ ಯೋಚಿಸುತ್ತಿದ್ದೇನೆ.