ಬೆಟಗೇರಿಯ ಕುಣಿಮಗ್ಗದ ಮುಂದೆ

ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದವಾದದ್ದು ಎಂಬ ಹೆಮ್ಮೆ, ಮೇ ತಿಂಗಳಲ್ಲಿ ಚೀಲ ಹೊತ್ತು ಅದರ ಆ ತುದಿಗೆ ನಡೆಯುವವರಿಗೆ ಅಷ್ಟಾಗಿ ಇರುವುದಿಲ್ಲ. ಗದಗದ ರೈಲು ಹತ್ತುವಷ್ಟರಲ್ಲಿ ಬೆವರಿನಲ್ಲಿ ತೊಯ್ದಿದ್ದೆ. ಅಣ್ಣಿಗೇರಿಯ ಆಚೀಚೆ ಎರೆಹೊಲಗಳು ಬಿರುಕು ಬಿಟ್ಟು ಬಿದ್ದಿದ್ದವು.

ಹವಾಮಾನ ಬದಲಾವಣೆಯ ಪೆಟ್ಟನ್ನು ಸಣ್ಣ ನಗರಗಳು ಹೇಗೆ ತಾಳಿಕೊಳ್ಳುತ್ತವೆ ಎಂಬುದು ನನ್ನ ಪಿಎಚ್‌ಡಿ ವಿಷಯ. ಚೆನ್ನೈ ಮುಳುಗಿದರೆ ದೇಶಕ್ಕೆಲ್ಲ ಸುದ್ದಿ. ಗದಗ-ಬೆಟಗೇರಿಯ ನಲ್ಲಿ ಒಣಗಿದರೆ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಈ ಅವಳಿ ಊರು ಕುಡಿಯುವ ನೀರಿಗೆ ದೂರದ ತುಂಗಭದ್ರೆಯನ್ನು ನೆಚ್ಚಿಕೊಂಡಿದೆ.

ಬೆಟಗೇರಿಯ ನೇಕಾರರ ಓಣಿಯಲ್ಲಿ ಮನೆ ಮನೆಯ ಮುಂದೆ ನೀಲಿ ಡ್ರಮ್ಮುಗಳು. ಸೊಳ್ಳೆ ಮೊಟ್ಟೆ ಇಡದಂತೆ ಅವುಗಳ ಬಾಯಿಗೆ ಹಳೆಯ ಸೀರೆಯ ತುಂಡು ಬಿಗಿದಿದ್ದರು. ಒಂದು ಮನೆಯೊಳಗೆ ಕುಣಿಮಗ್ಗದ ಸದ್ದು ಕೇಳಿ ಇಣುಕಿದೆ. "ಬಾ ತಂಗಿ, ಕೂಡು" ಎಂದರು ಹಿರಿಯರು. ನೆಲದ ಮಟ್ಟದಲ್ಲಿ ಕುಳಿತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಿದ್ದರು.

"ಕಾಕಾ, ನಿಮಗೆ ಹೆಚ್ಚು ತೊಂದರೆ ಬಿಸಿಲಿನದೋ, ಮಳೆಯದೋ?"

"ಕುಣಿಯಲ್ಲಿ ಕೈ ಇಡು" ಎಂದರು. ತಂಪಾಗಿತ್ತು. "ಈ ತಂಪಿಗೇ ಎಳೆ ತಾಳುವುದು. ಬಿಸಿಲು ಏರಿದರೆ ಹಾಸಿನ ಉದ್ದೆಳೆ ಒಣಗಿ ಕಡಿಯುತ್ತದೆ. ಮಳೆ ಜೋರಾದರೆ ಇದೇ ಕುಣಿಯಲ್ಲಿ ನೀರು ಬಸಿಯುತ್ತದೆ, ಮಗ್ಗ ನಿಲ್ಲುತ್ತದೆ." ಹೇಳುತ್ತಿರುವಾಗಲೇ ಒಂದು ಎಳೆ ಕಡಿಯಿತು. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಎರಡು ತುದಿಗಳನ್ನು ಹೊಸೆದರು. ಎಲ್ಲಿ ಕಡಿದಿತ್ತೆಂದು ಹುಡುಕಿದರೂ ಗುರುತು ಸಿಗಲಿಲ್ಲ.

ಅಡುಗೆಮನೆಯಿಂದ ಅವರ ಹೆಂಡತಿ ಕೇಳಿದರು: "ಗೋಡೆ ಬಿದ್ದರೆ ಪಂಚನಾಮೆ ಮಾಡುತ್ತಾರೆ. ಕುಣಿ ಒಣಗುವವರೆಗೆ ಹೋದ ಕೂಲಿಗೆ ಯಾರು ಪಂಚನಾಮೆ ಮಾಡುತ್ತಾರೆ?" ನಾನು ಓದಿದ ನಗರ ಯೋಜನೆಗಳಲ್ಲಿ ಚರಂಡಿಯ ಅಗಲವಿದೆ, ಪಂಪಿನ ಅಶ್ವಶಕ್ತಿಯಿದೆ; ಈ ಪ್ರಶ್ನೆಗೆ ಉತ್ತರವಿಲ್ಲ. ನನ್ನ ಪ್ರಕಾರ ನಗರದ ತಾಳಿಕೆಯನ್ನು ಅಳೆಯಬೇಕಾದದ್ದು ಇಲ್ಲಿಂದಲೇ, ತಪ್ಪಿಹೋದ ಕೂಲಿಯ ದಿನಗಳಿಂದ.

ಸಂಜೆ ಲಕ್ಕುಂಡಿಗೆ ಹೋದೆ. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿ ಚೆಲುವಾದ ಕಟ್ಟಡ: ಮೆಟ್ಟಿಲುಗಳ ನಡುನಡುವೆ ಪುಟ್ಟ ಗೂಡುಗುಡಿಗಳು, ನೀರು ಇಳಿದಷ್ಟೂ ನಾವೂ ಇಳಿಯಬಹುದು. 101 ಗುಡಿ, 101 ಬಾವಿ ಇದ್ದವೆಂದು ಊರವರ ಮಾತು. ಆದರೆ ಹಿರಿಯರ ಜಾಣತನವನ್ನು ಹಾಡಿ ಹೊಗಳುವ ಭಾಷಣಗಳ ಬಗ್ಗೆ ನನಗೆ ತುಸು ಗುಮಾನಿ. 2011ರ ಗಣತಿಯಲ್ಲೇ ಒಂದೂ ಮುಕ್ಕಾಲು ಲಕ್ಷದ ಹತ್ತಿರವಿದ್ದ ಗದಗ-ಬೆಟಗೇರಿಯ ಬಾಯಾರಿಕೆ ಬಾವಿಗಳಿಂದ ತೀರದು.

ಊರಿನ ಕುಡಿಯುವ ನೀರಿನ ಲೆಕ್ಕ ಇರುವುದು ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ, ತುಂಗಭದ್ರೆಗೆ ಕಟ್ಟಿದ ಬ್ಯಾರೇಜಿನ ಬಳಿ. ನದಿ ಬತ್ತಿದ ಹೊತ್ತಿನಲ್ಲೇ ಅದನ್ನು ನೋಡಬೇಕು. ಮರುದಿನ ಬೆಳಿಗ್ಗೆ ಡಂಬಳದ ಮೇಲೆ ಹೋಗುವ ಮುಂಡರಗಿ ಬಸ್ ಹತ್ತಿದೆ.